ಗೇಟು ಎದ್ದಿತು, ಮುಂದೇನು? ವೆನಿಸ್ ಲಗೂನು ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವೆನಿಸ್ಸಿನ ಸುತ್ತಲಿನ ಲಗೂನನ್ನು, ಅಂದರೆ ಅಳಿವೆಗಳ ಮೂಲಕ ಸಮುದ್ರಕ್ಕೆ ಕೂಡಿದ ಹಿನ್ನೀರನ್ನು, ನೋಡಿಕೊಳ್ಳುವ ನಿಮ್ಮ ಕಚೇರಿ ಹೊಸದು. 2020ರ ಆಗಸ್ಟಿನ ಸುಗ್ರೀವಾಜ್ಞೆಯಲ್ಲಿ ಹುಟ್ಟಿ, ಅಧ್ಯಕ್ಷರು, ಸಿಬ್ಬಂದಿ, ಬಜೆಟ್ಟು ಅಂತ ಕೈಕಾಲು ಬರುವುದಕ್ಕೇ ವರ್ಷಗಳು ಹಿಡಿದವು. ಕೆಲಸ ಮಾತ್ರ ಬಹಳ ಹಳೆಯದು. ವೆನಿಸ್ ಗಣರಾಜ್ಯ 1501ರಲ್ಲೇ ನೀರಿನ ಉಸ್ತುವಾರಿಗೆ ಪ್ರತ್ಯೇಕ ಅಧಿಕಾರಿಗಳನ್ನು ನೇಮಿಸಿತ್ತು. ಅದೇ ಪರಂಪರೆಯ ಕಚೇರಿ ಕೊನೆಗೆ 2014ರಲ್ಲಿ, ಸಮುದ್ರದ ಉಬ್ಬರ ತಡೆಯುವ ಮೋಸೆ ಗೇಟುಗಳ ಲಂಚದ ಹಗರಣ ಹೊರಬಿದ್ದ ವರ್ಷ, ಬಾಗಿಲು ಹಾಕಿತು. ಈಗ ಆ ಐನೂರು ವರ್ಷದ ಕಡತ ನಿಮ್ಮ ಮೇಜಿನ ಮೇಲಿದೆ. ಅದರಲ್ಲಿ ಬಾಕಿ ಉಳಿದಿರುವ ಒಂದು ವಿಷಯದ ಬಗ್ಗೆ ಕೇಳುವುದಕ್ಕೆ ಈ ಪತ್ರ.

ನಾನು ಕುಮಟಾ ಕಡೆಯವನು. ವೆನಿಸ್ಸಿನೆದುರು ಒಳನಾಡಿನಲ್ಲಿರುವ ಮೆಸ್ತ್ರೆಯಲ್ಲಿ ಬಾಡಿಗೆ ಮನೆ. ವೆನಿಸ್ಸಿನ ಕಸ್ತೆಲ್ಲೋ ಭಾಗದ ಒಂದು ಸಣ್ಣ ಹೋಟೆಲಿನ ರಿಸೆಪ್ಷನ್‌ನಲ್ಲಿ ಕೆಲಸ. ಊರೊಳಗೆ ದುಡಿಯುವ ನಮ್ಮಂಥವರು ಸಂಜೆ ಸೇತುವೆ ದಾಟಿ ಮೆಸ್ತ್ರೆಗೆ ಬರುವುದೇ ವಾಡಿಕೆ, ಯಾಕೆಂದರೆ ಒಳಗೆ ಬಾಡಿಗೆ ಕೈಗೆಟುಕುವುದಿಲ್ಲ. 1951ರಲ್ಲಿ ಹಳೇ ಊರಿನಲ್ಲಿ 1,75,000 ಜನ ಇದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ನನಗೆ ಇಲ್ಲಿ ಓಟಿಲ್ಲ. ಕೇಳಬೇಕಾದದ್ದನ್ನು ಕೇಳಲು ಕಾಗದವೊಂದೇ ದಾರಿ. ಇಟಾಲಿಯನ್ನಿನಲ್ಲಿ ನಿಮಗೆ ಬೇರೆಯಾಗಿ ಕಳಿಸುತ್ತೇನೆ. ಕನ್ನಡದಲ್ಲಿ ಬಹಿರಂಗವಾಗಿ ಇಡುತ್ತಿರುವುದಕ್ಕೆ ಕಾರಣ, ನಮ್ಮ ಕೌಂಟರಿಗೆ ಬರುವ ಬೆಂಗಳೂರು, ಹುಬ್ಬಳ್ಳಿಯ ಪ್ರವಾಸಿಗರು. ನಾನು ಕನ್ನಡದವನೆಂದು ಗೊತ್ತಾದ ಕೂಡಲೇ ಅವರು ಕೇಳುವ ಪ್ರಶ್ನೆ: "ಇದು ಮುಳುಗೋದು ಯಾವಾಗ ಸಾರ್?" ಗೇಟು ಕಟ್ಟಿದ್ದಾರೆ ಅಂದರೆ "ಹಾಗಾದ್ರೆ ಬಿಡಿ, ಸರಿಹೋಯ್ತು" ಎಂದು ಬ್ಯಾಗು ಎತ್ತಿಕೊಂಡು ಲಿಫ್ಟ್ ಹುಡುಕುತ್ತಾರೆ. ನಿಮ್ಮ ಪ್ರಕಟಣೆಗಳನ್ನು ಓದಿದರೂ ಹೆಚ್ಚುಕಡಿಮೆ ಇದೇ ಸಮಾಧಾನ ಸಿಗುತ್ತದೆ. ನನ್ನ ತಕರಾರು ಆ ಸಮಾಧಾನದ ಮೇಲೆ.

ಗೇಟಿಗೆ ಸಲ್ಲಬೇಕಾದದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. 2019ರ ನವೆಂಬರ್ 12ರ ರಾತ್ರಿ ನೀರು 187 ಸೆಂಟಿಮೀಟರಿಗೆ ಏರಿತ್ತು. 1966ರ ನವೆಂಬರ್ 4ರ 194ರ ನಂತರ ಅದೇ ದೊಡ್ಡದು. ಅಂಗಡಿಗಳ ಫ್ರಿಜ್ಜುಗಳು ತೇಲಿದವು, ಕಾಲುವೆಯ ದೋಣಿಗಳು ದಂಡೆ ಹತ್ತಿ ಕೂತವು. ಮೂರು ವರ್ಷ ಕಳೆದು 2022ರ ನವೆಂಬರ್ 22ರಂದು ಹೊರಗೆ ಸಮುದ್ರ 170 ಸೆಂಟಿಮೀಟರ್ ದಾಟಿದಾಗ, ಮೂರು ಅಳಿವೆಗಳ ತಳದಿಂದ ಹಳದಿ ಉಕ್ಕಿನ 78 ಗೇಟುಗಳು ಎದ್ದು ನಿಂತಿದ್ದವು. ಊರು ಒಣಗೇ ಇತ್ತು. ಟೊಳ್ಳು ಪೆಟ್ಟಿಗೆಯೊಳಗಿನ ನೀರನ್ನು ಗಾಳಿಯ ಒತ್ತಡದಿಂದ ಹೊರದಬ್ಬಿ, ಅದು ತಾನಾಗಿ ತೇಲಿ ಏಳುವಂತೆ ಮಾಡುವ ಆ ಉಪಾಯಕ್ಕೆ ಯಾರಾದರೂ ತಲೆಬಾಗಬೇಕು. 1966ರ ಪ್ರವಾಹದ ನಂತರ ಇಂಥದ್ದೊಂದು ಬೇಕೆಂದು ಜನ ಕೇಳತೊಡಗಿದರು, 1973ರಲ್ಲಿ ವಿಶೇಷ ಕಾನೂನು ಬಂತು, 2003ರಲ್ಲಿ ಕಾಮಗಾರಿ ಶುರುವಾಯಿತು, 2020ರ ಅಕ್ಟೋಬರ್ 3ರಂದು ಗೇಟುಗಳು ಮೊದಲ ಸಲ ನಿಜವಾದ ಉಬ್ಬರವನ್ನು ತಡೆದವು. ನಡುವೆ ಎಷ್ಟು ಕೋಟಿ ಯಾರ ಜೇಬಿಗೆ ಹೋಯಿತು ಅನ್ನುವುದು ಕೋರ್ಟಿನ ಕಡತದಲ್ಲಿದೆ, ನಾನು ಕೆದಕುವುದಿಲ್ಲ.

ನಾನು ಕೆದಕಬೇಕೆಂದಿರುವುದು 110 ಎಂಬ ಅಂಕಿಯನ್ನು.

ಮುನ್ಸೂಚನೆ 110 ಸೆಂಟಿಮೀಟರ್ ದಾಟಿದರೆ ಗೇಟು ಏಳುತ್ತದೆ ಎನ್ನುವುದು ಈಗಿನ ನಿಯಮ. ನಮ್ಮ ಪ್ರವಾಸಿಗರು ಇದನ್ನು ಓದಿ, ರಸ್ತೆಯಲ್ಲಿ ಸೊಂಟದವರೆಗೆ ನೀರು ಬಂದ ಮೇಲೆ ಎತ್ತುತ್ತಾರೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಈ ಅಳತೆಯ ಸೊನ್ನೆ ಇರುವುದು 1897ರಲ್ಲಿ ಸಮುದ್ರ ಸರಾಸರಿಯಾಗಿ ನಿಂತಿದ್ದ ಮಟ್ಟದಲ್ಲಿ. ಪುಂತಾ ದೆಲ್ಲಾ ಸಲೂತೆಯ ಮಾಪಕ ಇಂದಿಗೂ ಅಲ್ಲಿಂದಲೇ ಎಣಿಸುತ್ತದೆ. ಸಂತ ಮಾರ್ಕ್ ಚೌಕದ ತಗ್ಗು ಭಾಗಕ್ಕೆ ಸುಮಾರು 80ರಲ್ಲೇ ನೀರು ಬರುತ್ತದೆ. 110 ಆದಾಗ ಊರಿನ ಸುಮಾರು ಶೇಕಡ 12ರಷ್ಟು ನೆಲ ಒದ್ದೆ. ಆ ಚೌಕದ ದೊಡ್ಡ ಚರ್ಚು, ಬಸಿಲಿಕಾ, ಅದರ ಮುಂಗಟ್ಟೆ ಇದಕ್ಕಿಂತಲೂ ತಗ್ಗು; 2022ರಲ್ಲಿ ಅದರ ಸುತ್ತ ಗಾಜಿನ ಗೋಡೆ ನಿಲ್ಲಿಸಬೇಕಾಗಿ ಬಂತು. ಆರು ನೂರು ಕೋಟಿ ಯೂರೋದ ಹತ್ತಿರ ಹತ್ತಿರ ಖರ್ಚಾದ ತಡೆಗೋಡೆಯ ಹಿಂದೆ ಇನ್ನೊಂದು ಗಾಜಿನ ತಡೆಗೋಡೆ!

ಈಗ ನೋಡಿ. ಇವತ್ತಿನ ಸರಾಸರಿ ಸಮುದ್ರ ಆ 1897ರ ಸೊನ್ನೆಗಿಂತ ಆಗಲೇ ಸುಮಾರು 30 ಸೆಂಟಿಮೀಟರ್ ಮೇಲಿದೆ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ಸರಾಸರಿಗಿಂತ ಅರ್ಧ ಮೀಟರ್ ಏರುತ್ತದೆ. ಎರಡೂ ಸೇರಿ 80. ಅದರ ಜೊತೆಗೆ ಸಿರೊಕ್ಕೊ ಎಂಬ ಆಗ್ನೇಯದ ಗಾಳಿ ಏಡ್ರಿಯಾಟಿಕ್ ಸಮುದ್ರದ ಉದ್ದಕ್ಕೂ ನೀರನ್ನು ಉತ್ತರಕ್ಕೆ ತಳ್ಳಿದರೆ ಮಾತ್ರ 110 ದಾಟುತ್ತದೆ. ಅಂದರೆ ಇವತ್ತು ಗಾಳಿ ಬೇಕು. ಸಮುದ್ರ ಇನ್ನು 50 ಸೆಂಟಿಮೀಟರ್ ಏರಿತೆನ್ನಿ: ಆಗ 130. ಗಾಳಿಯೇ ಬೇಕಿಲ್ಲ, ಚಂದ್ರನೊಬ್ಬ ಸಾಕು. ಗೇಟನ್ನು ಹೆಚ್ಚುಕಡಿಮೆ ದಿನಕ್ಕೊಂದು ಸಲ ಎತ್ತಬೇಕಾಗುತ್ತದೆ. ಅಂತರ್‌ಸರ್ಕಾರಿ ಹವಾಮಾನ ಸಮಿತಿಯ ಆರನೇ ವರದಿ 2100ರ ಹೊತ್ತಿಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 28 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ ಏರಬಹುದೆನ್ನುತ್ತದೆ. 50 ಅನ್ನುವುದು ಹೆದರಿಸಲು ಹೇಳುವ ಅಂಕಿಯಲ್ಲ, ಆ ಪಟ್ಟಿಯ ನಡುವಿನದು. ಮೇಲಾಗಿ ಅದು ನೀರಿನ ಲೆಕ್ಕ ಮಾತ್ರ. ನೆಲ ಇಳಿಯುವುದು ಬೇರೆ.

ಆ ನೆಲದ ವಿಷಯಕ್ಕೇ ಬರುತ್ತೇನೆ.

ನಮ್ಮ ಹೋಟೆಲಿಗೆ ಕಾಲುವೆ ಕಡೆಗೊಂದು ಬಾಗಿಲಿದೆ. ಹಿಂದೆ ಸಾಮಾನು ದೋಣಿಯಿಂದ ನೇರ ಒಳಗೆ ಇಳಿಯುತ್ತಿದ್ದ ಬಾಗಿಲು. ಅದರ ಕೆಳಗಿನ ಮೆಟ್ಟಿಲುಗಳು ಇಳಿತದಲ್ಲೂ ಈಗ ಕಾಣುವುದಿಲ್ಲ. ಹಳಬರು ಗೋಡೆಯ ಬುಡಕ್ಕೆ ಇಸ್ತ್ರಿಯಾ ಎಂಬ ಪ್ರದೇಶದ ಬಿಳಿ ಕಲ್ಲು ಹಾಕಿದ್ದರು, ಉಪ್ಪುನೀರು ಒಳಗೆ ಹೀರದಂತೆ. ಅದರ ಮೇಲೆ ಇಟ್ಟಿಗೆ. ಈಗ ಪಾಚಿಯ ಹಸಿರು ಗೆರೆ ಕಲ್ಲು ದಾಟಿ ಇಟ್ಟಿಗೆಗೆ ಬಂದಿದೆ. ಉಪ್ಪು ಇಟ್ಟಿಗೆಯೊಳಗೆ ಏರಿ, ಒಣಗಿ, ಹರಳುಗಟ್ಟಿ ಸಿಡಿಯುತ್ತದೆ. ಕೈಯಿಂದ ಉಜ್ಜಿದರೆ ಕೆಂಪು ಪುಡಿ ಉದುರುತ್ತದೆ. ಗುಡಿಸುವವರು ಪ್ರತಿ ಬೆಳಗ್ಗೆ ಮೊರದ ತುಂಬ ಬಾಚಿ ಹಾಕುತ್ತಾರೆ. ಗಾರೆ ಹೊಸದಾಗಿ ಬಳಿಸಿದರೆ ಎರಡು ಚಳಿಗಾಲಕ್ಕೆ ಮತ್ತೆ ಹೊಟ್ಟೆಯುಬ್ಬಿ ಬೀಳುತ್ತದೆ. ಇದು ಪ್ರವಾಹದಿಂದ ಆದದ್ದಲ್ಲ. ಗೇಟು ಏಳದ ಸಾದಾ ದಿನಗಳಲ್ಲಿ, ಸೈರನ್ ಕೂಗದ ದಿನಗಳಲ್ಲಿ, ಸುಮ್ಮನೆ ಬಂದು ಹೋಗುವ ನೀರು ಮಾಡುತ್ತಿರುವ ಕೆಲಸ. ಮೋಸೆಗೆ ಇದು ಕಾಣುವುದೇ ಇಲ್ಲ.

ಆ ಪಾಚಿಯ ಗೆರೆಯಿಂದ ಹಿಂದಿನ ಸಮುದ್ರಮಟ್ಟವನ್ನೇ ಅಳೆದವರಿದ್ದಾರೆ. ಹದಿನೆಂಟನೇ ಶತಮಾನದ ಚಿತ್ರಕಾರ ಕನಲೆತ್ತೊ ಕ್ಯಾಮೆರಾ ಅಬ್ಸ್ಕ್ಯೂರಾ ಎಂಬ ಬಿಂಬ ಬೀಳಿಸುವ ಪೆಟ್ಟಿಗೆಯ ನೆರವಿನಿಂದ ಮನೆಗಳನ್ನು ಕರಾರುವಾಕ್ಕಾಗಿ ಬರೆದ, ಗೋಡೆಯ ಪಾಚಿಯನ್ನೂ ಬಿಡದೆ. ದಾರಿಯೊ ಕಮೂಫೊ ಎಂಬ ವಿಜ್ಞಾನಿ ಅದೇ ಕಟ್ಟಡಗಳ ಮುಂದೆ ಹೋಗಿ ಈಗಿನ ಪಾಚಿ ಎಲ್ಲಿದೆ ಎಂದು ಹೋಲಿಸಿದರು. ಚಿತ್ರದ ಕಾಲದಿಂದ ಈಚೆಗೆ ಗೆರೆ ಸುಮಾರು 60 ಸೆಂಟಿಮೀಟರ್ ಮೇಲೇರಿತ್ತು. ನೀರು ಏರಿದ್ದೆಷ್ಟು, ಊರು ಇಳಿದದ್ದೆಷ್ಟು ಎಂದು ಪಾಚಿಗೆ ಗೊತ್ತಿಲ್ಲ. ಎರಡೂ ಸೇರಿದ ಮೊತ್ತ ಅದು.

ಇಪ್ಪತ್ತನೇ ಶತಮಾನದ ಲೆಕ್ಕದಲ್ಲಿ ಎರಡನ್ನೂ ಬಿಡಿಸಿ ಹೇಳಬಹುದು. ಆ ನೂರು ವರ್ಷದಲ್ಲಿ ವೆನಿಸ್ ನೀರಿನೆದುರು ಸುಮಾರು 25 ಸೆಂಟಿಮೀಟರ್ ಸೋತಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ನೆಲ ಕುಸಿದದ್ದು. ಒಂದಿಷ್ಟು ಸಹಜ, ಲಗೂನಿನ ಹೂಳು ತನ್ನ ಭಾರಕ್ಕೇ ಅದುಮಿಕೊಳ್ಳುತ್ತದೆ. ಉಳಿದದ್ದು ಲಗೂನಿನ ದಡದ ಮಾರ್ಗೇರಾದ ಕೆಲಸ. 1917ರಲ್ಲಿ ಶುರುವಾದ ಆ ಬಂದರು ಕೈಗಾರಿಕಾ ಪ್ರದೇಶ ಎರಡನೇ ಮಹಾಯುದ್ಧದ ನಂತರ ನೂರಾರು ಕೊಳವೆಬಾವಿಗಳಿಂದ ಅಂತರ್ಜಲ ಎಳೆಯಿತು. ಮರಳಿನ ಪದರದ ನೀರು ಖಾಲಿಯಾದಂತೆ ನಡುವಿನ ಜೇಡಿ ಪದರಗಳು ಹಿಂಡಿಕೊಂಡವು. 1950ರಿಂದ 1970ರ ಆಸುಪಾಸಿನ ಆ ಇಪ್ಪತ್ತು ವರ್ಷಗಳಲ್ಲಿ, ಹಳೇ ಊರು ಸುಮಾರು 10 ಸೆಂಟಿಮೀಟರ್ ಕುಸಿಯಿತು. 1970ರ ದಶಕದಲ್ಲಿ ಬಾವಿಗಳನ್ನು ಮುಚ್ಚಿ ಬೇರೆ ಕಡೆಯಿಂದ ಕೊಳಾಯಿ ನೀರು ತಂದರು. ಅಂತರ್ಜಲ ಮರಳಿ ತುಂಬಿತು. ನೆಲ ಎದ್ದದ್ದು ಎರಡು ಸೆಂಟಿಮೀಟರಿನಷ್ಟು. ಜೇಡಿ ಒಮ್ಮೆ ಕುಗ್ಗಿದರೆ ಕುಗ್ಗಿದ್ದೇ.

ಈ ಕತೆಯನ್ನು ನಿಮಗೆ ಹೇಳುವುದು ಅಧಿಕಪ್ರಸಂಗವೇ. ಆದರೆ ಊರಿನ ನೆರೆಯ ಪೋ ನದಿಯ ಮುಖಜಭೂಮಿಯದು ಇದಕ್ಕಿಂತ ಘೋರ: ಗ್ಯಾಸಿಗಾಗಿ ಮೀಥೇನ್ ಬೆರೆತ ನೀರನ್ನು 1938ರಿಂದ ಎಳೆದು ಎಳೆದು, 1961ರಲ್ಲಿ ಸರ್ಕಾರ ನಿಷೇಧ ಹೇರುವ ಹೊತ್ತಿಗೆ ಕೆಲವೆಡೆ ನೆಲ ಮೂರು ಮೀಟರಿನಷ್ಟು ಇಳಿದಿತ್ತು. ಆ ಹೊಲಗಳು ಇವತ್ತಿಗೂ ಸಮುದ್ರಕ್ಕಿಂತ ಕೆಳಗೆ, ಪಂಪು ನಿಂತರೆ ಮುಳುಗುವಂತೆ ಇವೆ. ಇಷ್ಟೆಲ್ಲ ಕಣ್ಣೆದುರು ಇದ್ದೂ, 2022ರಲ್ಲಿ ಉಕ್ರೇನ್ ಯುದ್ಧದಿಂದ ಗ್ಯಾಸ್ ದುಬಾರಿಯಾದ ಕೂಡಲೇ ಉತ್ತರ ಏಡ್ರಿಯಾಟಿಕ್ಕಿನಲ್ಲಿ ಮತ್ತೆ ಗ್ಯಾಸ್ ತೆಗೆಯೋಣ ಎಂಬ ಮಾತು ರೋಮಿನಲ್ಲಿ ಎದ್ದಿತು. ಕುಸಿತದ ಭಯದಿಂದಲೇ 2002ರ ಕಾನೂನು ವೆನಿಸ್ ಕೊಲ್ಲಿಯಲ್ಲಿ ಅದಕ್ಕೆ ತಡೆ ಹಾಕಿತ್ತು. ಲಗೂನಿನ ಉಸ್ತುವಾರಿ ನಿಮ್ಮದಾದ ಮೇಲೆ ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಏನು? ಹೌದೋ ಅಲ್ಲವೋ, ಒಂದು ಸಾಲಿನಲ್ಲಿ, ಸಹಿ ಹಾಕಿ ಹೇಳಿ. ಉಪಗ್ರಹದ ರಾಡಾರು ವೆನಿಸ್ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಇಳಿಯುತ್ತಲೇ ಇದೆಯೆಂದೂ, ಲಗೂನಿನ ಉತ್ತರ ಮತ್ತು ದಕ್ಷಿಣದ ತುದಿಗಳು ಅದಕ್ಕಿಂತ ಜೋರಾಗಿ ಇಳಿಯುತ್ತಿವೆಯೆಂದೂ ತೋರಿಸುತ್ತಿದೆ. ಮಿಲಿಮೀಟರ್ ಅಂದರೆ ಯಾರಿಗೂ ನಿದ್ದೆ ಕೆಡುವುದಿಲ್ಲ, ಗೊತ್ತು. ಆದರೆ ಗೇಟಿನ ಆಯಸ್ಸು ನೂರು ವರ್ಷ ಎಂದು ಹೇಳಿಕೊಂಡು ಬಂದವರು ನೂರು ವರ್ಷದ ಮಿಲಿಮೀಟರುಗಳನ್ನೂ ಕೂಡಿಸಬೇಕಲ್ಲ.

ಗೇಟಿನ ಇನ್ನೊಂದು ಮಗ್ಗುಲು ನಮ್ಮ ಅಘನಾಶಿನಿ ದಂಡೆಯವರಿಗೆ ಹೇಳದೆಯೇ ಅರ್ಥವಾಗುತ್ತದೆ. ಅಲ್ಲಿನ ಗಜನಿ ಗದ್ದೆಗಳಿಗೆ ಒಡ್ಡು ಇರುತ್ತದೆ, ಒಡ್ಡಿಗೆ ಮರದ ಬಾಗಿಲು ಇರುತ್ತದೆ. ಮಳೆಗಾಲದಲ್ಲಿ ಉಪ್ಪುನೀರು ತಡೆದು ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಬ್ಬರವನ್ನು ಒಳಗೆ ಬಿಡುತ್ತಾರೆ. ಮೀನು, ಸಿಗಡಿ, ಹೂಳು ಎಲ್ಲ ಬರುತ್ತವೆ. ಬಾಗಿಲನ್ನು ಯಾವಾಗ ಹಾಕಬೇಕೆನ್ನುವಷ್ಟೇ ಯಾವಾಗ ತೆಗೆಯಬೇಕೆನ್ನುವುದೂ ಅಲ್ಲಿ ಊರವರ ತಲೆಯಲ್ಲಿರುತ್ತದೆ. ನಿಮ್ಮ ಲಗೂನಿಗೂ ಉಬ್ಬರವೇ ಉಸಿರು. ವೆನಿಸ್ಸಿಗೆ ನಗರದುದ್ದಕ್ಕೂ ಒಳಚರಂಡಿ ಇಲ್ಲ. ಎಷ್ಟೋ ಮನೆಗಳ ಕೊಳೆ ಕಾಲುವೆಗೇ ಹೋಗುತ್ತದೆ, ದಿನಕ್ಕೆರಡು ಸಲ ಸಮುದ್ರ ಬಂದು ತೊಳೆದು ಒಯ್ಯುತ್ತದೆ. ಲಗೂನಿನ ನಡುಗಡ್ಡೆಯಂಥ ಉಪ್ಪು ಜೌಗುಗಳು, ಬರೇನೆ ಅನ್ನುತ್ತಾರಲ್ಲ, ಅವು ಬೆಳೆಯುವುದು ಬಿರುಗಾಳಿಯ ದಿನ ಕದಡಿ ಬರುವ ಹೂಳಿನಿಂದ. ಸರಿಯಾಗಿ ಅದೇ ದಿನ ನೀವು ಗೇಟು ಹಾಕುತ್ತೀರಿ. ಊರು ಉಳಿಯಬೇಕಾದರೆ ಹಾಕಲೇಬೇಕು, ಒಪ್ಪಿದೆ. ಆದರೆ ಪಾದೊವಾ ವಿಶ್ವವಿದ್ಯಾಲಯದವರು ಮುಚ್ಚಿದ ದಿನಗಳಲ್ಲಿ ಜೌಗಿಗೆ ಬೀಳುವ ಹೂಳನ್ನು ಅಳೆದು, ಅದು ಕಡಿಮೆಯಾಗುತ್ತಿದೆ ಎಂದು 2021ರಲ್ಲೇ ಬರೆದಿದ್ದಾರೆ. ಸಮುದ್ರದ ಏರಿಕೆಗೆ ಸರಿಗಟ್ಟಿ ಬೆಳೆಯದ ಜೌಗು ಮುಳುಗಿ ಬರಿಯ ಕೆಸರಾಗುತ್ತದೆ. ಜೌಗು ಹೋದ ಲಗೂನು ಕೊಲ್ಲಿ ಅಷ್ಟೇ. ಅಲೆ ನೇರ ಊರಿಗೆ ಬರುತ್ತದೆ.

ಅರ್ಧ ಕೆಲಸವನ್ನು ಆಗಲೇ ಹಡಗುಗಳು ಮಾಡಿವೆ. ಮಲಮೊಕ್ಕೊ ಅಳಿವೆಯಿಂದ ಮಾರ್ಗೇರಾಕ್ಕೆ ಎಣ್ಣೆ ಹಡಗುಗಳಿಗಾಗಿ 1960ರ ದಶಕದಲ್ಲಿ ತೋಡಿದ ಆಳದ ನೇರ ಕಾಲುವೆ ಲಗೂನಿನ ನಡುಭಾಗದ ಹೂಳನ್ನು ಸಮುದ್ರಕ್ಕೆ ಬಸಿಯುತ್ತಲೇ ಇದೆ. 2021ರ ಆಗಸ್ಟಿನಿಂದ ದೊಡ್ಡ ಪ್ರವಾಸಿ ಹಡಗುಗಳನ್ನು ಊರಿನ ಮುಂದಿನ ಜುದೆಕ್ಕಾ ಕಾಲುವೆಗೆ ಬಿಡುವುದಿಲ್ಲ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಯುನೆಸ್ಕೊ ಕೂಡ ಆ ಸಲ ವೆನಿಸ್ಸನ್ನು ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಹಾಕದೆ ಬಿಟ್ಟಿತು. ಹಡಗುಗಳು ಹೋದದ್ದೆಲ್ಲಿಗೆ? ಹಲವು ಇದೇ ಎಣ್ಣೆ ಕಾಲುವೆಯಿಂದ ಮಾರ್ಗೇರಾಕ್ಕೆ. ಚಿತ್ರದಲ್ಲಿ ಚೆಂದ ಕಾಣುವ ಜಾಗದಿಂದ ಚಿತ್ರಕ್ಕೆ ಬಾರದ ಜಾಗಕ್ಕೆ ಸಾಗಿಸಿದ್ದಕ್ಕೆ ಪರಿಹಾರ ಅನ್ನುವುದು ಹೇಗೆ?

ಹಾಗಾದರೆ ನೀವೇನು ಮಾಡಬೇಕೆಂದು ಈ ಹೋಟೆಲ್ ಗುಮಾಸ್ತ ಹೇಳುತ್ತಾನೆ? ಪರಿಹಾರ ಹೇಳುವ ಯೋಗ್ಯತೆ ನನಗಿಲ್ಲ. ಪ್ರಶ್ನೆಗೆ ಉತ್ತರ ಕೇಳುವ ಹಕ್ಕು, ಬೂಟು ಹಾಕಿಕೊಂಡು ಕೆಲಸಕ್ಕೆ ಬಂದವರಿಗೆಲ್ಲ ಇದೆ. ವರ್ಷಕ್ಕೆ ಎಷ್ಟು ಸಲ ಗೇಟು ಎತ್ತುವವರೆಗೆ ಲಗೂನು ತಾಳಿಕೊಳ್ಳುತ್ತದೆ? ಬಂದರು ತಾಳಿಕೊಳ್ಳುತ್ತದೆ? ಆ ಸಂಖ್ಯೆಯನ್ನು ಈಗಲೇ ನಿಗದಿ ಮಾಡಿ ಪ್ರಕಟಿಸಿ. ಅದನ್ನು ಮುಟ್ಟಿದ ವರ್ಷ ಏನು ಮಾಡುವುದೆಂದು ಇವತ್ತೇ ಬರೆದಿಡಿ, ಯಾಕೆಂದರೆ 1966ರಿಂದ 2020ಕ್ಕೆ ಬರಲು ನಿಮ್ಮ ಹಿಂದಿನವರಿಗೆ 54 ವರ್ಷ ಬೇಕಾಯಿತು. ಮುಂದಿನ ಉಪಾಯಕ್ಕೂ ಅಷ್ಟೇ ಕಾಲ ಹಿಡಿದರೆ 2080 ಹತ್ತಿರ ಬಂದಿರುತ್ತದೆ. ಗೇಟು ಊರಿಗೆ ಕೊಟ್ಟಿರುವುದು ಒಂದು ಬಿಡುವು. ಆ ಬಿಡುವಿನ ವರ್ಷಗಳು ದಿನದ ಪ್ರವಾಸಿಗರಿಗೆ ಪ್ರವೇಶ ಶುಲ್ಕ ಐದು ಯೂರೋ ಇರಬೇಕೋ ಹತ್ತು ಇರಬೇಕೋ ಎಂಬ ಚರ್ಚೆಗೇ ಹೋದ ಹಾಗಿದೆ.

ಪಾದೊವಾದ ಎಂಜಿನಿಯರುಗಳು ಬಹಳ ಕಾಲದಿಂದ ಹೇಳುತ್ತಿರುವ ಒಂದು ಯೋಚನೆಯಿದೆ. ಊರಿನ ಸುತ್ತ 10 ಕಿಲೋಮೀಟರ್ ವ್ಯಾಸದ ವೃತ್ತದಲ್ಲಿ 12 ಬಾವಿ ಕೊರೆದು, 600 ಮೀಟರಿಗಿಂತ ಆಳದ ಮರಳು ಪದರಗಳಿಗೆ ಸಮುದ್ರದ ನೀರನ್ನು ನಿಧಾನವಾಗಿ ತುಂಬಿದರೆ, ಹತ್ತು ವರ್ಷದಲ್ಲಿ ವೆನಿಸ್ಸನ್ನು 25ರಿಂದ 30 ಸೆಂಟಿಮೀಟರ್ ಎತ್ತಬಹುದು ಎಂದು ಜುಸೆಪ್ಪೆ ಗಂಬೊಲಾತಿ, ಪಿಯೆತ್ರೊ ತೆಯಾತಿನಿ ಲೆಕ್ಕ ಹಾಕಿದ್ದಾರೆ. ಮಾರ್ಗೇರಾ ಮಾಡಿದ್ದರ ತಿರುಗುಮುರುಗು, ಆದರೆ ಬಹಳ ಆಳದಲ್ಲಿ, ಜೇಡಿಯ ತಂಟೆಗೆ ಹೋಗದೆ. ಓದಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಭಯವಾಯಿತು: ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಎದ್ದರೆ ಮರದ ಗೂಟಗಳ ಮೇಲೆ ನಿಂತಿರುವ ಈ ಗಂಟೆಗೋಪುರಗಳ ಗತಿ? ಆದರೆ ಅವರು ಕೇಳುತ್ತಿರುವುದು ಮೊದಲು ಮೂರೇ ಬಾವಿಯ ಒಂದು ಪ್ರಯೋಗ, ಊರಿನಿಂದ ದೂರ. ಅದನ್ನಾದರೂ ಮಾಡಿಸಿ. ಬೇಡವೆಂದಾದರೆ ಯಾಕೆ ಬೇಡವೆಂದು ಹೇಳಿ, ಅವರೂ ಬೇರೆ ದಾರಿ ನೋಡಲಿ. ಮಾಡುವುದೂ ಇಲ್ಲ, ಬೇಡ ಅನ್ನುವುದೂ ಇಲ್ಲ ಎನ್ನುವ ಈ ಮೌನ, ನಮ್ಮೂರಿನ ಕಚೇರಿಗಳನ್ನು ನೋಡಿ ಬೆಳೆದ ನನಗೆ ಬಹಳ ಪರಿಚಿತ.

ಇನ್ನೊಂದು ಸಣ್ಣ ಬೇಡಿಕೆ, ಖರ್ಚಿಲ್ಲದ್ದು. ಉಬ್ಬರ ಮುನ್ಸೂಚನಾ ಕೇಂದ್ರದವರು ಇವತ್ತು ನೀರು ಎಷ್ಟು ಬರುತ್ತದೆ ಎಂದು ಮೊಬೈಲಿಗೆ ಹೇಳುತ್ತಾರೆ. ಬಹಳ ಸಲ ಸರಿಯಾಗೇ ಹೇಳುತ್ತಾರೆ. 2020ರ ಡಿಸೆಂಬರ್ 8ರಂದು ತಪ್ಪಿತು. ಗೇಟು ಎತ್ತಲಿಲ್ಲ, 138 ಬಂತು. ಗಾಳಿಯ ವಿಷಯದಲ್ಲಿ ಅಂಥದ್ದು ಆಗುತ್ತದೆ, ಅದನ್ನು ಹಿಡಿದುಕೊಂಡು ಜಗಳಕ್ಕೆ ಬರುವುದಿಲ್ಲ. ಆದರೆ ನಮ್ಮ ಬಾಗಿಲಿನ ನೆಲ 1897ರ ಸೊನ್ನೆಯಿಂದ ಎಷ್ಟು ಎತ್ತರದಲ್ಲಿದೆ, ಹತ್ತು ವರ್ಷದಲ್ಲಿ ಎಷ್ಟು ಇಳಿದಿದೆ ಎಂದು ಬೀದಿ ಬೀದಿಯ ಲೆಕ್ಕವನ್ನೂ ಅದೇ ಮೊಬೈಲಿನಲ್ಲಿ ಹಾಕಬಹುದಲ್ಲ? ಉಪಗ್ರಹದ ಅಳತೆ ಇದೆ, ಜನ ಕೇಳುತ್ತಿಲ್ಲ ಅಂತ ಒಳಗಿಟ್ಟುಕೊಂಡರೆ ಹೇಗೆ. ಗೊತ್ತಾದರೆ ಮನೆಗಳ ಬೆಲೆ ಬಿದ್ದೀತು ಎಂಬ ಅಂಜಿಕೆ ಕೆಲವರಿಗಿದೆ. ಬೀಳಲಿ. ಆಗಲಾದರೂ ಒಂದಿಬ್ಬರು ಕೆಲಸದವರಿಗೆ ಊರೊಳಗೆ ಬಾಡಿಗೆ ಮನೆ ಸಿಕ್ಕೀತು.

ಆಕ್ವಾ ಆಲ್ತಾದ, ಅಂದರೆ ಊರಿಗೆ ನುಗ್ಗುವ ದೊಡ್ಡ ಉಬ್ಬರದ, ಹಂಗಾಮು ಶುರುವಾಗುವುದು ಅಕ್ಟೋಬರಿನಲ್ಲಿ. ಅಷ್ಟರೊಳಗೆ ಗೇಟು ಎತ್ತುವ ಗರಿಷ್ಠ ಸಂಖ್ಯೆ, ಗ್ಯಾಸಿನ ಬಗ್ಗೆ ನಿಮ್ಮ ನಿಲುವು, ಮೂರು ಬಾವಿಯ ಪ್ರಯೋಗ, ಬೀದಿಗಳ ಎತ್ತರದ ಲೆಕ್ಕ, ಈ ನಾಲ್ಕಕ್ಕೆ ಉತ್ತರ ಕೊಡಿ. ಇಟಾಲಿಯನ್ನಿನಲ್ಲೇ ಕೊಡಿ, ಕನ್ನಡಕ್ಕೆ ನಾನೇ ತಂದು ನಮ್ಮ ಕೌಂಟರಿನ ಮೇಲೆ ಅಂಟಿಸುತ್ತೇನೆ. ಕೇಳುವವರು ವಾರಕ್ಕೊಬ್ಬರಾದರೂ ಬಂದೇ ಬರುತ್ತಾರೆ.

ಇಂತಿ,
ಮೆಸ್ತ್ರೆಯಿಂದ, ಕುಮಟಾ ಕಡೆಯ ಒಬ್ಬ ಹೋಟೆಲ್ ನೌಕರ